ಮನೆ ಎಳೆದುಕೊಂಡು ಹೋದ ರಂಜಾನ್

ಪ್ರತಿ ಮನೆಯಲ್ಲೂ ಹೆಸರಿಲ್ಲದ ಒಂದು ಡ್ರಾಯರು ಇರುತ್ತದೆ. ಬಿಟ್ಟುಬಂದ ಬಾಡಿಗೆ ಮನೆಗಳ ಕೀಲಿಕೈ, ಯಾವ ಯಂತ್ರದ್ದೆಂದು ಮರೆತುಹೋದ ವಯರು, ಅರ್ಧ ಜೀವದ ಸೆಲ್ಲು, ಮುಂದೆಂದಾದರೂ ಬೇಕಾದೀತೆಂದು ಎತ್ತಿಟ್ಟ ಸ್ಕ್ರೂ, ಎಲ್ಲವೂ ಹೋಗಿ ಸೇರುವುದು ಅಲ್ಲಿಗೇ. ನಿಮ್ಮ ಮನೆಯಲ್ಲಿ ಇಲ್ಲವೆಂದರೆ ನಾನು ನಂಬುವುದಿಲ್ಲ. ಮೊನ್ನೆ ಸಂಜೆ ಮಳೆಗೆ ಕರೆಂಟು ಹೋದಾಗ ಟಾರ್ಚಿಗೆ ಸೆಲ್ಲು ಹುಡುಕುತ್ತ ನಮ್ಮ ಡ್ರಾಯರಿಗೆ ಕೈ ಹಾಕಿದೆ. ಸೆಲ್ಲು ಸಿಗಲಿಲ್ಲ, ರಸಮಟ್ಟ ಸಿಕ್ಕಿತು.

ರಸಮಟ್ಟ ಗೊತ್ತಲ್ಲ? ಗೌಂಡಿಗಳು ಗೋಡೆಯ ಮೇಲಿಟ್ಟು ಒಂದು ಕಣ್ಣು ಮುಚ್ಚಿ ನೋಡುತ್ತಾರಲ್ಲ, ಒಳಗೆ ಹಸಿರು ನೀರು, ಆ ನೀರಿನಲ್ಲೊಂದು ಗುಳ್ಳೆ. ನನ್ನದು ಬೆರಳುದ್ದದ ಪ್ಲಾಸ್ಟಿಕ್ಕಿನದು, ಬೆನ್ನಿಗೆ ಇನ್ನೂ ಒಣಗಿದ ಅಂಟು ಹತ್ತಿಕೊಂಡಿದೆ. ಒಂದು ಕಾಲಕ್ಕೆ ಅದು ನಮ್ಮ ಪುಟ್ಟ ಟ್ರೇಲರಿನ, ಅಂದರೆ ವ್ಯಾನಿನ ಹಿಂದೆ ಕಟ್ಟಿ ಎಳೆಯುವ ಮನೆಯ, ಮೂತಿಯ ಮೇಲಿತ್ತು. ಟ್ರೇಲರನ್ನು ನಿಲ್ಲಿಸಿದ ಕಡೆಯಲ್ಲೆಲ್ಲ ಗುಳ್ಳೆ ನಡುವಿಗೆ ಬರುವ ತನಕ ಚಕ್ರದ ಕೆಳಗೆ ಹಲಗೆ ತುರುಕಬೇಕು. ಇಲ್ಲದಿದ್ದರೆ ಒಳಗಿನ ಫ್ರಿಜ್ಜು ಮುನಿಸಿಕೊಳ್ಳುತ್ತದೆ, ಸಾರು ಒಂದೇ ಕಡೆಗೆ ವಾಲುತ್ತದೆ, ಮಲಗಿದವರು ಬೆಳಗಾಗುವಷ್ಟರಲ್ಲಿ ಒಂದೇ ಮೂಲೆಗೆ ಬಂದು ರಾಶಿ ಬಿದ್ದಿರುತ್ತಾರೆ. ಟ್ರೇಲರು ಹೋಗಿ ಎಷ್ಟೋ ವರ್ಷವಾಯಿತು. ಅದರ ಈ ಚೂರು ಮಾತ್ರ ನನ್ನ ಕೈಗೆ ಬಂತು. ಕತ್ತಲೆಯಲ್ಲಿ ಗುಳ್ಳೆ ಕಾಣದಿದ್ದರೂ ಬಹಳ ಹೊತ್ತು ಅದನ್ನೇ ಹಿಡಿದುಕೊಂಡು ಕೂತಿದ್ದೆ.

ಅದು ಡಾಟ್‌ಕಾಮ್ ಕಾಲದ ಕೊನೆಯ ಚಳಿಗಾಲಗಳಲ್ಲಿ ಒಂದು. ಅಲ್ಲಿಯವರೆಗೆ ಅಮೆರಿಕದ ಸಾಂಟಾ ಕ್ಲಾರಾದಲ್ಲಿ ನಾವೆಲ್ಲ ಕಾಗದದ ಮೇಲೆ ಶ್ರೀಮಂತರು. ಆಫೀಸಿನಲ್ಲಿ ಪಿಂಗ್‌ಪಾಂಗ್ ಟೇಬಲ್ಲು, ಪುಕ್ಕಟೆ ಊಟ, ಬರಿಗಾಲಲ್ಲಿ ಓಡಾಡುವ ಮ್ಯಾನೇಜರು. ಆ ಚಳಿಗಾಲಕ್ಕೆ ಮುಂಚೆಯೇ ಎಲ್ಲ ಒಂದೊಂದಾಗಿ ಉದುರತೊಡಗಿತು. ಸೋಮವಾರ ಇದ್ದ ಕಂಪನಿ ಶುಕ್ರವಾರ ಇಲ್ಲ. ದಿನಾ ಬೈದುಕೊಳ್ಳುತ್ತಿದ್ದ ಫ್ರೀವೇ ಟ್ರಾಫಿಕ್ಕು ಇದ್ದಕ್ಕಿದ್ದಂತೆ ಹಗುರಾಗಿತ್ತು. ಆಫೀಸು ಬೇಗ ಮುಟ್ಟಿದೆನೆಂದು ಖುಷಿಪಡುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ. ನನ್ನ ಪಕ್ಕದ ಕ್ಯೂಬಿಕಲ್ಲಿನವನು ಒಂದು ಬೆಳಿಗ್ಗೆ ರಟ್ಟಿನ ಡಬ್ಬಿ ಹಿಡಿದುಕೊಂಡು ನಿಂತಿದ್ದ. ಒಳ್ಳೆಯ ದಿನಗಳಲ್ಲಿ ಕೊಂಡು, ಕೆಲಸದ ಗದ್ದಲದಲ್ಲಿ ಒಮ್ಮೆಯೂ ಹೊರಗೆ ಒಯ್ಯದ ಟ್ರೇಲರು ಅವನದು. ಅಣ್ಣನ ಊರಿಗೆ ಹೊರಟಿದ್ದವನು, ನೀನಾದರೂ ಇದಕ್ಕೆ ನಾಲ್ಕು ಊರು ತೋರಿಸು ಎಂದು ಹೇಳಿ ಅದನ್ನು ನನಗೆ ವಹಿಸಿಬಿಟ್ಟ. ನನಗೋ, ಮಿನಿವ್ಯಾನನ್ನೇ ನೆಟ್ಟಗೆ ಹಿಂದಕ್ಕೆ ತೆಗೆಯಲು ಬಾರದು. ಟ್ರೇಲರು ಕಟ್ಟಿದ ಮೇಲೆ ಹಿಂದಕ್ಕೆ ಹೋಗಬೇಕಾದರೆ ಸ್ಟೀರಿಂಗನ್ನು ಎಡಕ್ಕೆ ತಿರುಗಿಸಿದರೆ ಅದು ಬಲಕ್ಕೆ ಹೋಗುತ್ತದಂತೆ. ಇದನ್ನು ಅವನು ಹೇಳಿದಾಗ ನಾನು ಎಲ್ಲ ಅರ್ಥವಾದವನ ಹಾಗೆ ತಲೆಯಾಡಿಸಿದೆ.

ಊರಿಗೆ ಫೋನು ಮಾಡಿ “ಅವ್ವಾ, ಟ್ರೇಲರ್ ತಗೊಂಡೇನಿ” ಅಂದೆ. ಅವ್ವ ಆಗ ಹುಬ್ಬಳ್ಳಿಯಲ್ಲಿ ನನ್ನ ಅಕ್ಕನ ಮನೆಯಲ್ಲಿದ್ದಳು. ನಮ್ಮ ಕಡೆ ಟ್ರೇಲರ್ ಅಂದರೆ ಟ್ರ್ಯಾಕ್ಟರಿನ ಹಿಂದೆ ಕಬ್ಬು ಹೇರುವುದು. ಮಗ ಅಮೆರಿಕದಲ್ಲಿ ಹೊಲ ಹಿಡಿದಿದ್ದಾನೆ ಎಂದು ಓಣಿಯೆಲ್ಲ ಸುದ್ದಿಯಾಯಿತು. ಚಳಿಗಾಲದ ಶುರುವಿಗೆ ಅವ್ವ ಬಂದಿಳಿದಾಗ, ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲಿ ನಿಂತಿದ್ದ ಬಿಳಿ ಡಬ್ಬಿಯನ್ನು ಕೈಯಿಂದ ಸವರಿ ನೋಡಿ, “ಇದರಾಗ ಕಬ್ಬು ಹಿಡಿಯೂದಿಲ್ಲ ಬಿಡು” ಅಂದಳು.

ಕೈಯಿಂದ ಸವರಿ ನೋಡಿದಳು. ಅದನ್ನು ನಾನು ಆಗಲೇ ಗಮನಿಸಬೇಕಿತ್ತು.

ಅವ್ವನಿಗೆ ಗ್ಲಾಕೋಮಾ. ಹುಬ್ಬಳ್ಳಿಯ ಡಾಕ್ಟರು ಕಡಕ್ಕಾಗಿ ಹೇಳಿದ್ದನ್ನೇ ಇಲ್ಲಿಯ ಡಾಕ್ಟರು ಮೆತ್ತಗೆ ಹೇಳಿದರು: ಹೋದ ನೋಟ ತಿರುಗಿ ಬರುವುದಿಲ್ಲ, ಉಳಿದಿರುವುದು ನಡುವಿನ ಸಣ್ಣ ಕಿಂಡಿಯಷ್ಟು, ಅದೂ ಮುಚ್ಚುತ್ತ ಬರುತ್ತದೆ. ಮುಂದಿನ ವರ್ಷದ ಹೊತ್ತಿಗೆ ಎಷ್ಟು ಉಳಿದೀತು ಎಂದು ಕೇಳಿದೆ. ಅವರು ಅವ್ವನ ಭುಜದ ಮೇಲೆ ಕೈಯಿಟ್ಟು, ಹನಿಗಳನ್ನು ತಪ್ಪದೆ ಹಾಕಿಕೊಳ್ಳಲಿ ಅಂದರು. ಮನೆಗೆ ಬರುತ್ತ ನಾನು ಕಾರಿನಲ್ಲೇ ನಿರ್ಧಾರ ಮಾಡಿಬಿಟ್ಟೆ. ಕಿಂಡಿ ಮುಚ್ಚುವ ಮೊದಲು ಅವ್ವನಿಗೆ ಸಮುದ್ರ ತೋರಿಸಬೇಕು, ಸಮುದ್ರದ ದಂಡೆಯ ದೊಡ್ಡ ದೊಡ್ಡ ಊರು ತೋರಿಸಬೇಕು. ಸ್ಯಾನ್ ಡಿಯಾಗೋ, ಲಾಸ್ ಏಂಜಲಿಸ್, ಕೊನೆಗೆ ನಮ್ಮ ಸ್ಯಾನ್ ಫ್ರಾನ್ಸಿಸ್ಕೊ. ಕ್ರಿಸ್‌ಮಸ್ಸಿಗೆ ಕಂಪನಿಯೇ ಬಾಗಿಲು ಹಾಕುತ್ತದೆ, ರಜೆಯ ಚಿಂತೆಯಿಲ್ಲ. ಆ ವರ್ಷ ರಂಜಾನೂ ಅದೇ ಹೊತ್ತಿಗೆ ಬಂದಿತ್ತು. ಟ್ರೇಲರಿನಲ್ಲಿ ಒಲೆಯಿದೆ, ನೀರಿದೆ, ನಮಾಜಿನ ಚಾಪೆ, ಜಾನಮಾಜು, ಹಾಸಲು ಜಾಗವಿದೆ. ಉಪವಾಸದವರಿಗೆ ಇನ್ನೇನು ಬೇಕು?

“ನಿನಗೆ ಏನೇನು ನೋಡಬೇಕವ್ವಾ?” ಎಂದು ಕೇಳಿದೆ.

“ನನಗೇನೂ ಬ್ಯಾಡಪ. ಹಬ್ಬದ ಚಂದ್ರನ್ನ ಈ ಸರತೆ ನನ್ನ ಕಣ್ಣಿಂದ ನಾ ನೋಡಿದ್ರ ಸಾಕು” ಅಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಊರು ಗದಗು. ನಾವು ಪಿಂಜಾರರು, ಮನೆಮಾತು ಕನ್ನಡ, ನಮಾಜು ಅರಬ್ಬಿ, ಜಗಳ ಜೋರಾದಾಗ ಮಾತ್ರ ಉರ್ದು. ಅಪ್ಪ ಹತ್ತಿ ಹಿಂಜಿ ಗಾದಿ ತುಂಬುತ್ತಿದ್ದ. ಬಿಲ್ಲಿನ ಹೆದೆ ದಿನವಿಡೀ ದುಂಯ್ ದುಂಯ್ ಅನ್ನುತ್ತಿತ್ತು, ಹತ್ತಿ ಹಾರಿ ಅನ್ನದಲ್ಲಿ, ಚಹಾದಲ್ಲಿ, ನಮ್ಮ ತಲೆಗೂದಲಲ್ಲಿ ಬಂದು ಕೂರುತ್ತಿತ್ತು. ಶಾಲೆಯಲ್ಲಿ ಮಾಸ್ತರು ನನ್ನ ತಲೆ ನೋಡಿ “ಏನೋ ಅಜ್ಜಾ, ಬಂದ್ಯಾ?” ಅನ್ನುತ್ತಿದ್ದರು. ಮನೆಯಲ್ಲಿ ಎಲ್ಲರ ಕಣ್ಣೂ ಆ ಧೂಳಿಗೆ ಕೆಂಪಗೆ ಉರಿಯುತ್ತಿದ್ದವು, ಅವ್ವನ ಕಣ್ಣಿಗೆ ಮಾತ್ರ ಏನೂ ಆಗುತ್ತಿರಲಿಲ್ಲ. ಸೂಜಿಗೆ ದಾರ ಪೋಣಿಸುವುದು ಅವಳೇ, ಅಕ್ಕಿಯಲ್ಲಿ ಹರಳು ಆರಿಸುವುದು ಅವಳೇ.

ರಂಜಾನಿನ ಇಪ್ಪತ್ತೊಂಬತ್ತನೆಯ ರೋಜಾ ಮುಗಿದ ಸಂಜೆ ಪಡುವಣ ದಿಕ್ಕಿನಲ್ಲಿ ಚಂದ್ರ ಕಂಡರೆ ನಾಳೆ ಹಬ್ಬ. ಕಾಣದಿದ್ದರೆ ಇನ್ನೊಂದು ಉಪವಾಸ. ಶಾಸ್ತ್ರ ಇಷ್ಟೇ. ಅವತ್ತು ಅವ್ವ ರೊಟ್ಟಿಯ ಹಿಟ್ಟು ಮೆತ್ತಿದ ಕೈಯಲ್ಲೇ ನಿಚ್ಚಣಿಕೆ ಹತ್ತಿ ಮಾಳಿಗೆಗೆ ಹೋಗುತ್ತಿದ್ದಳು. ಹಿಂದೆ ಮಕ್ಕಳ ದಂಡು. ಸುತ್ತಲ ಮಾಳಿಗೆಗಳಿಂದ ಹೆಂಗಸರು “ಬೀಬಿ, ಕಂಡೈತೇನ?” ಎಂದು ಕೂಗುತ್ತಿದ್ದರು. ಆ ಚಂದ್ರ ಕತ್ತರಿಸಿ ಒಗೆದ ಉಗುರಿಗಿಂತ ತೆಳ್ಳಗಿರುತ್ತದೆ, ಕಂಡ ಹಾಗಿರುತ್ತದೆ, ಕಣ್ಣು ಮಿಟುಕಿಸಿದರೆ ಇರುವುದಿಲ್ಲ. ಅವ್ವ ಸುಮ್ಮನೆ ನಿಂತು ನೋಡಿ, ಬೆರಳು ಚಾಚಿ, “ಅಲ್ಲಿ” ಅನ್ನುತ್ತಿದ್ದಳು. ಅವಳು ಅಲ್ಲಿ ಅಂದರೆ ಮುಗಿಯಿತು. ಮಸೀದಿಯಿಂದ ಒಬ್ಬರು ಬಂದು ಕೇಳಿಕೊಂಡು ಹೋಗುತ್ತಿದ್ದರು. ಅವರ ಮುಂದೆ ಅವ್ವ ಸೆರಗು ಹೊದ್ದು ನಿಂತು, “ಖರೇ ನೋಡೇನಿ, ನಂದ ಸಾಕ್ಷಿ” ಅನ್ನುವಾಗ ನಮಗೆಲ್ಲ ಚಂದ್ರನೇ ನಮ್ಮ ಮನೆಯದೆಂಬ ಜಂಬ.

ಒಂದು ವರ್ಷ ಮೋಡ ಮುಚ್ಚಿತ್ತು. ಬೇರೆ ಊರಲ್ಲಿ ಕಂಡಿತೆಂದು ರೇಡಿಯೋದಲ್ಲಿ ಹೇಳಿದರು. ಅವ್ವ ಒಪ್ಪಿಕೊಂಡಳು, ಒಪ್ಪದೆ ಉಪಾಯವಿಲ್ಲ, ಹಬ್ಬದ ದಿನ ಉಪವಾಸ ಇರುವ ಹಾಗೂ ಇಲ್ಲ. ಆದರೆ ಶ್ಯಾವಿಗೆ, ಹಾಲು, ಖರ್ಜೂರದ ಸುರಕುಂಬಾ ಬಡಿಸುವಾಗ ಅವಳ ಮುಖದಲ್ಲಿ ನಗುವಿರಲಿಲ್ಲ. “ಮಂದಿ ಕಣ್ಣಿನ ಹಬ್ಬ” ಅಂದಳು. ಆ ವರ್ಷವಿಡೀ ಅದನ್ನು ಹಾಗೇ ಕರೆದಳು.

ಅಂಥವಳನ್ನು ಕರೆದುಕೊಂಡು ನಾನು ಮನೆ ಎಳೆಯುತ್ತ ಹೊರಟೆ. ಹೊರಡುವ ಮೊದಲೇ ಒಂದು ಧರ್ಮಜಿಜ್ಞಾಸೆ ಎದ್ದಿತು. ಪ್ರವಾಸದಲ್ಲಿರುವವನಿಗೆ, ಮುಸಾಫಿರನಿಗೆ, ಉಪವಾಸದ ಕಡ್ಡಾಯವಿಲ್ಲ. ಆಮೇಲೆ ಮಾಡಿ ತೀರಿಸಬಹುದು. ನನ್ನ ಹೆಂಡತಿ ಶಬಾನಾ ಬೆಂಗಳೂರಿನವಳು, ಯಾವುದನ್ನೂ ಸುಲಭ ಮಾಡಿಕೊಳ್ಳುವುದರಲ್ಲಿ ಜಾಣೆ. “ಅಮ್ಮೀ, ನಾವೆಲ್ಲ ಟ್ರಾವೆಲ್ಲಲ್ಲಿ ಇರ್ತೀವಿ ಅಲ್ವಾ? ಇವರು ಬೇರೆ ಇಡೀ ದಿನ ಡ್ರೈವ್ ಮಾಡ್ಬೇಕು. ರೋಜಾ ಬಿಡಬಹುದಲ್ಲ” ಅಂದಳು.

ಅವ್ವ ಟ್ರೇಲರಿನ ಬಾಗಿಲಲ್ಲಿ ಕೂತು ಈರುಳ್ಳಿ ಸುಲಿಯುತ್ತಿದ್ದಳು. “ಮನಿ ಬಿಟ್ಟು ಹೋದಾಂವ ಮುಸಾಫರ್. ಮನಿ ಹಿಂದ ಕಟಗೊಂಡು ಹೊಂಟಾಂವ ಹೆಂಗ ಮುಸಾಫರ್ ಆಗ್ತಾನವಾ?” ಅಂದಳು.

ನಾನು ಮಸೀದಿಯ ಹಿರಿಯರಿಗೆ ಫೋನು ಮಾಡಿದೆ. ಅವರು ಮೊದಲು ಮನಸಾರೆ ನಕ್ಕು, ಲೆಕ್ಕ ದೂರದ್ದು, ಮನೆಯದ್ದಲ್ಲ ಎಂದು ಹೇಳಿದರು. ಅವ್ವನಿಗೆ ತಿಳಿಸಿದೆ. “ಅವರು ನಮ್ಮ ಡಬ್ಬಿ ನೋಡಿಲ್ಲ” ಎಂದು ಅವ್ವ ತೀರ್ಪು ಕೊಟ್ಟಳು. ಹೀಗಾಗಿ ಎಲ್ಲರಿಗೂ ರೋಜಾ. ಹೊಟ್ಟೆಗಿಲ್ಲದೆ, ಚಹಾ ಇಲ್ಲದೆ, ಹಿಂದೆ ಒಂದು ಮನೆ ತೂಗಾಡುತ್ತಿರುವಾಗ ಮಳೆಯಲ್ಲಿ ಫ್ರೀವೇ ಮೇಲೆ ಹೋಗುವುದು ಎಂಥದೆಂದು ಹೇಳಲಾರೆ. ದೊಡ್ಡ ಲಾರಿ ಪಕ್ಕದಲ್ಲಿ ಹಾದರೆ ಟ್ರೇಲರು ಸೊಂಟ ತಿರುಗಿಸುತ್ತದೆ. ಅದು ತಿರುಗಿದಾಗಲೆಲ್ಲ ನನ್ನ ಬಾಯಲ್ಲಿ ಬರುತ್ತಿದ್ದ ದುವಾಗಳಿಂದ ಆ ರಂಜಾನಿನಲ್ಲಿ ನನಗೆ ಬೇಕಾದಷ್ಟು ಪುಣ್ಯ ಬಂದಿರಬೇಕು.

ಸ್ಯಾನ್ ಡಿಯಾಗೋದ ಟ್ರೇಲರ್ ಪಾರ್ಕಿನಲ್ಲಿ ಜಾಗಕ್ಕೆ ಹಿಂದು ಹಿಂದಾಗಿ ಸೇರಬೇಕಾಗಿ ಬಂತು. ನಾನು ಎಡಕ್ಕೆ ತಿರುಗಿಸಿದೆ, ಅದು ಬಲಕ್ಕೆ ಹೋಯಿತು. ಬಲಕ್ಕೆ ತಿರುಗಿಸಿದೆ, ಮಡಚಿಕೊಂಡು ಮುಖಕ್ಕೆ ಮುಖ ಕೊಟ್ಟು ನಿಂತಿತು. ಶಬಾನಾ ಹೊರಗೆ ಛತ್ರಿ ಹಿಡಿದು “ಇನ್ನೂ ಬನ್ನಿ, ಇನ್ನೂ ಬನ್ನಿ, ಅಯ್ಯೋ ಬೇಡ!” ಎಂದು ಕೂಗುತ್ತಿದ್ದಳು. ಕೊನೆಗೆ ಪಕ್ಕದ ಟ್ರೇಲರಿನ ಬಿಳಿಗಡ್ಡದ ಅಜ್ಜ ಬಂದು, ನನ್ನನ್ನು ಮೆತ್ತಗೆ ಕೆಳಗಿಳಿಸಿ, ತಾನೇ ಕೂತು ನಿಲ್ಲಿಸಿಕೊಟ್ಟ. ನಮ್ಮ ಏಳು ವರ್ಷದ ಮಗಳು ಸನಾ ಅವನಿಗೆ ಚಪ್ಪಾಳೆ ತಟ್ಟಿದಳು.

ಮರುದಿನ ಬಂದರಿಗೆ ಹೋದೆವು. ಬೂದು ಆಕಾಶ, ಬೂದು ನೀರು, ಬೂದು ಬಣ್ಣದ ಯುದ್ಧದ ಹಡಗು. ಕಟಕಟೆಯ ಹತ್ತಿರ ಅವ್ವನನ್ನು ನಿಲ್ಲಿಸಿ, “ನೋಡವ್ವಾ, ಎಷ್ಟು ದೊಡ್ಡ ಹಡಗ ಐತಿ” ಅಂದೆ.

“ಹೂಂ, ಭಾಳ ದೊಡ್ಡದು ಬಿಡು” ಅಂದಳು.

ಸನಾ ನನ್ನ ಜಾಕೆಟ್ಟು ಎಳೆದು ಪಿಸುಗುಟ್ಟಿದಳು: “ಪಪ್ಪಾ, ಶಿ ಈಸ್ ಲುಕಿಂಗ್ ಅಟ್ ದ ಹೋಟೆಲ್.”

ಅವ್ವ ಹಡಗಿಗೆ ಬೆನ್ನು ಹಾಕಿ ನಿಂತಿರಲಿಲ್ಲ, ಆದರೆ ನೇರವಾಗಿಯೂ ನಿಂತಿರಲಿಲ್ಲ. ಆಚೆ ದಡದ ಹೋಟೆಲ್ ಕಟ್ಟಡದ ಕಡೆಗೆ ಮುಖ ಮಾಡಿ ತಲೆದೂಗುತ್ತಿದ್ದಳು. ನಾನು ಸನಾಳಿಗೆ ಸುಮ್ಮನಿರು ಎಂದು ಕಣ್ಣು ಮಾಡಿದೆ. ಮಳೆ, ಮಬ್ಬು ಬೆಳಕು, ನನಗೇ ಸರಿಯಾಗಿ ಕಾಣುತ್ತಿಲ್ಲ, ಅವ್ವನಿಗೆ ಹೇಗೆ ಕಂಡೀತು ಎಂದು ನನಗೆ ನಾನೇ ಹೇಳಿಕೊಂಡೆ. ಮನುಷ್ಯ ತನಗೆ ಬೇಕಾದ ಸಮಾಧಾನವನ್ನು ಎಲ್ಲಿಂದಾದರೂ ಹುಡುಕಿಕೊಳ್ಳುತ್ತಾನೆ, ನೋಡಿ.

ಲಾಸ್ ಏಂಜಲಿಸ್‌ನಲ್ಲಿ ಕ್ರಿಸ್‌ಮಸ್ಸಿನ ದೀಪಗಳು. ಬೀದಿಯ ಉದ್ದಕ್ಕೂ ಮರಗಳಿಗೆ, ಅಂಗಡಿಗಳಿಗೆ, ಕಂಬಗಳಿಗೆ ದೀಪದ ಸರ. ಇಫ್ತಾರ್ ಮುಗಿಸಿ, ಟ್ರೇಲರನ್ನು ಪಾರ್ಕಿನಲ್ಲೇ ಬಿಟ್ಟು, ವ್ಯಾನಿನಲ್ಲಿ ಅವ್ವನನ್ನು ಮುಂದೆ ಕೂರಿಸಿಕೊಂಡು ನಿಧಾನಕ್ಕೆ ಆ ಬೀದಿಯಲ್ಲಿ ಹೋದೆ. ಅವ್ವ ಮುಂದಿನ ಗಾಜಿಗೆ ಮುಖ ಹತ್ತಿರ ತಂದು ಕೂತಿದ್ದಳು. ಆಮೇಲೆ ನಗುತ್ತ, “ಹತ್ತಿ ಹಿಂಜಿ ಒಗದಂಗ ಕಾಣತೈತಿ ಹುಸೇನಾ” ಅಂದಳು. “ಒಂದೊಂದು ದೀಪಕ್ಕ ಒಂದೊಂದು ಹತ್ತಿ ಉಂಡಿ. ನಿಮ್ಮ ಅಪ್ಪ ಇರಬೇಕಿತ್ತು.”

ಹಿಂದೆ ಕೂತಿದ್ದ ಶಬಾನಾ ಕಿಟಕಿಯ ಕಡೆಗೆ ಮುಖ ತಿರುಗಿಸಿದಳು. ಅವ್ವ ಅದನ್ನು ಸಂತೋಷದಿಂದಲೇ ಹೇಳಿದ್ದಳು. ನನಗೆ ಮಾತ್ರ ಆ ಇಡೀ ಊರು ಒಮ್ಮೆಲೇ ಆರಿಹೋದಂತಾಯಿತು.

ಒಂದು ವಿಚಾರ ನನಗೆ ದಿನಾಲೂ ಕಣ್ಣೆದುರಿದ್ದರೂ ಹೊಳೆದಿರಲಿಲ್ಲ. ಸಾಂಟಾ ಕ್ಲಾರಾದ ಅಪಾರ್ಟ್‌ಮೆಂಟಿನಲ್ಲಿ ಅವ್ವ ಕಾಫಿ ಟೇಬಲ್ಲಿಗೆ ಮೊಣಕಾಲು ಬಡಿಸಿಕೊಂಡು, “ಈ ಮೇಜಿಗೆ ನನ್ನ ಮ್ಯಾಲೆ ಏನ್ ಸಿಟ್ಟೈತೋ” ಅನ್ನುತ್ತಿದ್ದಳು. ಲೋಟ ಇಡಲು ಹೋಗಿ ಅಂಚು ತಪ್ಪಿಸುತ್ತಿದ್ದಳು. ಕೈ ಹಿಡಿಯಲು ಹೋದರೆ ಕೊಸರಿಕೊಳ್ಳುತ್ತಿದ್ದಳು. ಟ್ರೇಲರಿಗೆ ಬಂದ ಮೇಲೆ ಒಂದು ಲೋಟವೂ ಬಿದ್ದಿರಲಿಲ್ಲ. ಅದು ಅಷ್ಟು ಚಿಕ್ಕದು, ನಡುವೆ ನಿಂತು ಕೈ ಚಾಚಿದರೆ ಎಲ್ಲವೂ ಸಿಗುತ್ತದೆ. ಬಲಕ್ಕೆ ಒಲೆ, ಎಡಕ್ಕೆ ನಲ್ಲಿ, ತಲೆಯ ಮೇಲೆ ಮಸಾಲೆ ಡಬ್ಬಿ, ಮೊಣಕಾಲಿನ ಹತ್ತಿರ ಅಕ್ಕಿ. ಚಲಿಸುವ ಮನೆಯಾದ್ದರಿಂದ ಪ್ರತಿ ವಸ್ತುವನ್ನೂ ಹೊರಡುವ ಮೊದಲು ಅದರದರ ಗೂಡಿಗೆ ಸೇರಿಸಿ ಚಿಲಕ ಹಾಕಲೇಬೇಕು. ಅವ್ವ ಮೊದಲ ದಿನವೇ ಎಲ್ಲಕ್ಕೂ ಜಾಗ ಗೊತ್ತುಮಾಡಿ, ಯಾರಾದರೂ ಚಮಚ ಆಚೀಚೆ ಇಟ್ಟರೆ ರೇಗುತ್ತಿದ್ದಳು. ಶಿಸ್ತಿನ ಹೆಂಗಸು ಎಂದುಕೊಂಡಿದ್ದೆ.

ಸ್ಯಾನ್ ಫ್ರಾನ್ಸಿಸ್ಕೊ ಕಡೆಗೆ ತಿರುಗಿ ಬರುವಾಗ ನಡುದಾರಿಯ ಒಂದು ಕಡಲೂರಿನಲ್ಲಿ ನಿಂತಿದ್ದೆವು. ಶಬಾನಾ, ಸನಾ ಅಂಗಡಿಗೆ ಹೋಗಿದ್ದರು. ನಾನು ಸಾರ್ವಜನಿಕ ಫೋನಿನಿಂದ ಆಫೀಸಿನ ವಾಯ್ಸ್‌ಮೇಲ್ ಕೇಳಲು ಹೋದೆ. ಹೊಸ ವರ್ಷದ ಮೊದಲ ವಾರ ಎಲ್ಲರಿಗೂ ಒಂದು ಮೀಟಿಂಗು ಇದೆಯೆಂದು ಮ್ಯಾನೇಜರು ಹೇಳಿದ್ದರು. ಆಗ ಅಂಥ ಮೀಟಿಂಗೆಂದರೆ ಕೆಲಸ ಹೋದಂತೆ ಎಂದು ಸಣ್ಣ ಮಕ್ಕಳಿಗೂ ಗೊತ್ತಿತ್ತು. ತಿರುಗಿ ಬರುವಾಗ ಹೊತ್ತು ಮುಳುಗಿತ್ತು. ಟ್ರೇಲರಿನ ಕಿಟಕಿಯಲ್ಲಿ ಬೆಳಕಿರಲಿಲ್ಲ. ಗಾಬರಿಯಿಂದ ಬಾಗಿಲು ತೆಗೆದರೆ ಒಳಗೆ ಒಗ್ಗರಣೆಯ ಘಮ. ಅವ್ವ ಕತ್ತಲೆಯಲ್ಲಿ ನಿಂತು ಹಸಿಮೆಣಸಿನಕಾಯಿ ಹೆಚ್ಚುತ್ತಿದ್ದಳು, ಒಂದೇ ಸಮನೆ, ಸಣ್ಣಗೆ.

“ದೀಪ ಹಚ್ಚಬಾರದೇನವ್ವಾ?” ಅಂದೆ.

ಚಾಕು ನಿಂತಿತು. “ಹಚ್ಚಿಲ್ಲೇನು?” ಅಂದಳು.

ನಾನು ಸ್ವಿಚ್ಚು ಒತ್ತಿದೆ. ಅವ್ವ ಏನೂ ಆಗದವಳ ಹಾಗೆ ಹೆಚ್ಚುವುದನ್ನು ಮುಂದುವರಿಸಿದಳು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ನೀರಿನ ಪೈಪು ನೋಡುವ ನೆಪ ಮಾಡಿ ಹೊರಗೆ ಹೋಗಿ, ಟ್ರೇಲರಿನ ಹಿಂದೆ ಚಳಿಯಲ್ಲಿ ನಿಂತು ಅತ್ತೆ. ನಾನು ಹಡಗು ತೋರಿಸಿದ್ದು, ದೀಪ ತೋರಿಸಿದ್ದು, ಇಷ್ಟು ಮೈಲಿ ಎಳೆದುಕೊಂಡು ಬಂದದ್ದು, ಎಲ್ಲವೂ ನನ್ನ ಸಂಭ್ರಮಕ್ಕೆ. ಅವಳು ನನ್ನ ಮನಸ್ಸು ನೋಯದಿರಲೆಂದು ದಾರಿಯುದ್ದಕ್ಕೂ “ಭಾಳ ಛಲೋ ಐತಿ” ಅನ್ನುತ್ತ ಬಂದಿದ್ದಳು.

ಆ ದಿನದಿಂದ ನನಗೆ ಒಂದೇ ಚಿಂತೆ ಹತ್ತಿತು. ಚಂದ್ರನ ಸಂಜೆ ಇನ್ನು ದೂರವಿರಲಿಲ್ಲ. ಮೊದಲೇ ಹೇಳಿ ಇಟ್ಟಿದ್ದೆ, ಅವತ್ತು ಸ್ಯಾನ್ ಫ್ರಾನ್ಸಿಸ್ಕೊದ ಸಮುದ್ರದ ದಂಡೆಗೆ ಹೋಗೋಣ, ನಮ್ಮ ಮಸೀದಿಯ ಎಷ್ಟೋ ಮಂದಿ ಬರುತ್ತಾರೆ ಎಂದು. ಅವ್ವ ದಿನಾ ಅದನ್ನೇ ಕೇಳುತ್ತಿದ್ದಳು. ದಂಡೆಯಲ್ಲಿ ಎಲ್ಲರಿಗೂ ಕಂಡು ಅವಳಿಗೆ ಕಾಣದಿದ್ದರೆ?

“ಹೋಗೋದೇ ಬೇಡ ರೀ” ಅಂದಳು ಶಬಾನಾ. “ಮಸೀದಿಯವರು ಹೇಗಿದ್ರೂ ಫೋನಲ್ಲಿ ಹೇಳ್ತಾರಲ್ಲ. ಮಳೆ ಅಂತ ಹೇಳಿ ಮನೇಲೇ ಇರೋಣ.”

“ಮಳೆ ಇಲ್ದಿದ್ರೆ?”

“ಬರ್ಲಿ ಅಂತ ಕೇಳ್ಕೊಳ್ಳೋಣ.”

ಹಬ್ಬದ ಚಂದ್ರನ ಸಂಜೆ ಮೋಡ ಕವಿಯಲಿ ಎಂದು ದುವಾ ಮಾಡಿದ ಮುಸಲ್ಮಾನರು ಈ ಭೂಮಿಯ ಮೇಲೆ ನಾವಿಬ್ಬರೇ ಇರಬೇಕು. ಇಪ್ಪತ್ತೊಂಬತ್ತನೆಯ ರೋಜಾದ ಬೆಳಿಗ್ಗೆ ಸ್ಯಾನ್ ಫ್ರಾನ್ಸಿಸ್ಕೊ ಮುಟ್ಟಿದಾಗ ನಮ್ಮ ಪ್ರಾರ್ಥನೆ ಫಲಿಸಿದ ಹಾಗೇ ಇತ್ತು. ಹೆಸರಾಂತ ಸೇತುವೆ ಮೋಡದೊಳಗೆ ಸೇರಿ, ಅದರ ಒಂದು ಕಾಲು ಮಾತ್ರ ಕಾಣುತ್ತಿತ್ತು. ದಾರಿ ತಪ್ಪಿ ನಾನು ಟ್ರೇಲರು ಸಮೇತ ಒಂದು ಗುಡ್ಡದ ಬೀದಿ ಹತ್ತಿಬಿಟ್ಟ ಹೊತ್ತಿಗೆ ಮಳೆ ಧೋ ಎಂದು ಸುರಿಯುತ್ತಿತ್ತು. ನೆತ್ತಿಯಲ್ಲಿ ಸ್ಟಾಪ್ ಸೈನು, ಹಿಂದೆ ಹಾರನ್ನುಗಳು, ಟ್ರೇಲರಿನೊಳಗೆ ಚಿಲಕ ಬಿಚ್ಚಿಕೊಂಡ ಪಾತ್ರೆಗಳ ಜಾತ್ರೆ. “ಒಂದೂ ಜಾಗಾದಾಗ ಉಳದಿರಲಿಕ್ಕಿಲ್ಲ” ಎಂದು ಅವ್ವ ಹಲ್ಲು ಕಡಿದಳು. ಅಂಥ ಹೊತ್ತಿನಲ್ಲೂ ನಾನು ಒಳಗೊಳಗೇ ಖುಷಿಯಾಗಿದ್ದೆ. ಸುರಿಯಲಿ, ಇನ್ನೂ ಸುರಿಯಲಿ.

ಮಧ್ಯಾಹ್ನದ ನಮಾಜಿನ ಹೊತ್ತಿಗೆ ಮಳೆ ನಿಂತಿತು. ಸಮುದ್ರದಿಂದ ಗಾಳಿ ಬೀಸತೊಡಗಿ ಮೋಡವೆಲ್ಲ ಬೆಟ್ಟದಾಚೆ ಹೋಯಿತು. ಸಂಜೆಗೆ ಆಕಾಶ ತೊಳೆದಿಟ್ಟ ಹಾಗೆ ಸ್ವಚ್ಛ. ಇಡೀ ಪ್ರವಾಸದಲ್ಲಿ ಅಂಥ ಆಕಾಶ ಒಂದು ದಿನವೂ ಸಿಕ್ಕಿರಲಿಲ್ಲ.

“ಗಾಳಿ ಒಣಗೇತಿ. ಮೋಡ ಹೋಗ್ಯಾವ ಹೌದಿಲ್ಲ?” ಅಂದಳು ಅವ್ವ. ಹೊಸ ಸೀರೆ ಉಟ್ಟು, ಮೇಲೆ ನನ್ನ ಜಾಕೆಟ್ಟು ಹಾಕಿಕೊಂಡು ಆಗಲೇ ಸಜ್ಜಾಗಿ ಕೂತಿದ್ದಳು. ನಾನು ವ್ಯಾನಿನ ಕೀಲಿಕೈ ಎತ್ತಿಕೊಂಡೆ.

ದಂಡೆಯ ಪಾರ್ಕಿಂಗ್ ಲಾಟಿನಲ್ಲಿ ಟ್ರೇಲರು ನಿಲ್ಲಿಸಿದೆ. ಸಾಂಟಾ ಕ್ಲಾರಾ, ಬರ್ಕ್ಲಿ ಎಲ್ಲ ಕಡೆಯಿಂದ ಬಂದ ಕುಟುಂಬಗಳು ಚಳಿಗೆ ಮುದುಡಿಕೊಂಡು ಮರಳ ಮೇಲೆ ನಿಂತಿದ್ದವು. ಪಂಚಾಂಗದ ಲೆಕ್ಕದವರು, ಮೆಕ್ಕಾದ ಸುದ್ದಿಯವರು, ಕಣ್ಣಿಂದಲೇ ಆಗಬೇಕೆನ್ನುವವರು ಎಂದು ನಮ್ಮಲ್ಲಿ ಮೂರು ಪಂಗಡ. ಒಂದೇ ಊರಿನಲ್ಲಿ ಮೂರು ದಿನ ಹಬ್ಬ ನಡೆದದ್ದೂ ಉಂಟು. ದಂಡೆಗೆ ಬಂದವರು ಮೂರನೆಯವರು, ಅವ್ವನ ಪಂಗಡದವರು. ಸೂರ್ಯ ಮುಳುಗಿದ. ಖರ್ಜೂರ ಬಾಯಿಗೆ ಹಾಕಿಕೊಂಡು, ನೀರು ಕುಡಿದು, ಮರಳ ಮೇಲೆ ಚಾಪೆ ಹಾಸಿ ನಮಾಜು ಮಾಡಿದೆವು. ಎದ್ದು ನಿಂತಾಗ ಯಾರೋ ಹುಡುಗಿಯೊಬ್ಬಳು ಬೆರಳು ತೋರಿಸಿ ಇಂಗ್ಲಿಷಿನಲ್ಲಿ “ದೇರ್!” ಎಂದು ಕೂಗಿದಳು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ ಕೂಗಿದರು. ಮುಬಾರಕ್, ಮುಬಾರಕ್ ಎಂದು ಜನ ಅಪ್ಪಿಕೊಳ್ಳತೊಡಗಿದರು. ನಾನೂ ನೋಡಿದೆ. ನೈಋತ್ಯಕ್ಕೆ, ನೀರಿನಿಂದ ಸ್ವಲ್ಪವೇ ಮೇಲೆ, ಕೆಂಪಿನೊಳಗೆ ಬಿಳಿ ಗೀರು.

ಅವ್ವ ಗುಂಪಿನಿಂದ ನಾಲ್ಕು ಹೆಜ್ಜೆ ಮುಂದೆ ಹೋಗಿ ಒಬ್ಬಳೇ ನಿಂತಿದ್ದಳು. ಗಾಳಿಗೆ ಸೆರಗು ಪಟಪಟ ಹೊಡೆದುಕೊಳ್ಳುತ್ತಿತ್ತು. ಕತ್ತು ಅತ್ತ ತಿರುಗಿಸಿದಳು, ಇತ್ತ ತಿರುಗಿಸಿದಳು, ಆ ಸಣ್ಣ ಕಿಂಡಿಯಿಂದ ಇಡೀ ಆಕಾಶವನ್ನು ಹುಡುಕುತ್ತಿದ್ದಳು. ನಾವು ಮೂವರೂ ಅವಳ ಹಿಂದೆ ಹೋಗಿ ನಿಂತೆವು. ಒಮ್ಮೆಲೇ ಅವಳ ಕೈ ಎದ್ದಿತು.

“ಅಲ್ಲಿ!” ಅಂದಳು.

ಬೆರಳು ಎಡಕ್ಕೆ ಚಾಚಿತ್ತು, ದಂಡೆಯ ಉದ್ದಕ್ಕೆ, ಪಾರ್ಕಿಂಗ್ ಲಾಟಿನ ಕೊನೆಯ ಕಂಬದ ಕಡೆಗೆ. ಅದರ ದೀಪ ಆಗ ತಾನೇ ಹತ್ತಿಕೊಂಡಿತ್ತು. ಸನಾ ಬಾಯಿ ತೆರೆದಳು, ಶಬಾನಾ ಅವಳ ಭುಜ ಒತ್ತಿದಳು. ಅವ್ವ ನನ್ನ ಕಡೆಗೆ ತಿರುಗಿದಳು. ಮುಖ ಅರಳಿತ್ತು. ಅಷ್ಟು ಸಂತೋಷದ ಮುಖವನ್ನು ನಾನು ಅಪ್ಪ ಹೋದ ಮೇಲೆ ನೋಡಿರಲಿಲ್ಲ.

“ಅದೇ ಹೌದಿಲ್ಲೋ ಹುಸೇನಾ? ಖರೇ ಹೇಳು. ಸಾಕ್ಷಿ ಮಾತು ಐತಿ.”

ಸುಮ್ಮನೆ ಹೂಂ ಅಂದುಬಿಡಬಹುದಿತ್ತು. ಹೇಗೂ ಚಂದ್ರ ಬಂದಿದ್ದ, ಹೇಗೂ ನಾಳೆ ಹಬ್ಬ. ಆದರೆ ಸೆರಗು ಹೊದ್ದು ನಿಂತು ಸಾಕ್ಷಿ ಹೇಳುತ್ತಿದ್ದ ಈ ಹೆಂಗಸಿನ ಕೈಯಲ್ಲಿ ಬೀದಿದೀಪಕ್ಕೆ ಸಾಕ್ಷಿ ಹೇಳಿಸಲು ನನ್ನಿಂದ ಆಗಲಿಲ್ಲ.

“ಅಲ್ಲವ್ವಾ. ಅದು ಕಂಬದ ದೀಪ” ಅಂದೆ.

ಅವ್ವನ ಕೈ ಹಾಗೇ ಮೇಲೆ ನಿಂತಿತ್ತು. ಮುಖದಿಂದ ನಗು ಇಳಿಯಿತು, ಕೈ ಮಾತ್ರ ಇಳಿಯಲಿಲ್ಲ.

“ಎಲ್ಲಾರಿಗೂ ಕಂಡೈತೇನು?”

“ಎಲ್ಲಾರಿಗೂ ಕಂಡೈತಿ.”

“ಹಂಗಾರ ನನಗೊಬ್ಬಾಕಿಗೇ ಇಲ್ಲ” ಅಂದಳು. ತನ್ನ ಕಣ್ಣಿನ ಮಾತನ್ನು ಅವಳು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಆಮೇಲೆ ಮುಖ ಸಮುದ್ರದ ಕಡೆಗೆ ತಿರುಗಿಸಿ, “ಎಲ್ಲೈತಿ ಅಂತ ತೋರಸು” ಅಂದಳು.

ಅವಳ ಮಣಿಕಟ್ಟು ಹಿಡಿದೆ. ಕೊಸರಿಕೊಳ್ಳಲಿಲ್ಲ. ಕೈಯನ್ನು ನಿಧಾನಕ್ಕೆ ಬಲಕ್ಕೆ ತಂದೆ, ಸ್ವಲ್ಪ ಕೆಳಗೆ, ಇನ್ನೂ ಸ್ವಲ್ಪ ಕೆಳಗೆ, ಬೆರಳ ತುದಿ ಆ ಬಿಳಿ ಗೀರಿನ ಮೇಲೆ ಬಂದು ನಿಲ್ಲುವ ತನಕ. “ಇಲ್ಲಿ” ಅಂದೆ.

“ಭಾಳ ತೆಳ್ಳಗ ಐತೇನು?”

“ಭಾಳ ತೆಳ್ಳಗ.”

“ಯಾ ಕಡೆ ವಾಲೇತಿ?”

“ಬಲಕ್ಕ ವಾಲೇತಿ. ಕೆಳಗ ನೀರೈತಿ. ಅದರ ಮ್ಯಾಲೆ ಒಂದು ಗೇಣು.”

ಅವ್ವ ತಲೆಯಾಡಿಸಿದಳು. ಇನ್ನೊಂದು ಕೈಯಿಂದ ಸೆರಗು ಸರಿಮಾಡಿಕೊಂಡು, ತುಟಿಯೊಳಗೇ ದುವಾ ಹೇಳಿ ಮುಗಿಸಿದಳು. ನಾನು ಕೈ ಇಳಿಸಲು ಹೋದೆ.

“ಬಿಡಬ್ಯಾಡ. ಮುಣಗೂ ತನಕ ಹಿಡಿ” ಅಂದಳು.

ಜನ ಕಾರು ಹತ್ತಿ ಹೋಗತೊಡಗಿದರು. ಶಬಾನಾ ಸನಾಳನ್ನು ಟ್ರೇಲರಿಗೆ ಕರೆದುಕೊಂಡು ಹೋದಳು. ನಾವಿಬ್ಬರೇ ನಿಂತೆವು. ಚಂದ್ರ ಇಳಿದಂತೆಲ್ಲ ನಾನು ಅವ್ವನ ಕೈಯನ್ನು ಕೂದಲೆಳೆಯಷ್ಟು ಇಳಿಸುತ್ತ ಹೋದೆ. ಅವಳ ಕಣ್ಣು ತೆರೆದೇ ಇತ್ತು, ಬೆರಳಿನ ನೇರಕ್ಕೆ, ಮಿಟುಕಿಸದೆ. ಕೊನೆಗೆ ಗೀರು ನೀರಿಗೆ ತಾಗಿತು, ಅರ್ಧವಾಯಿತು, ಇಲ್ಲವಾಯಿತು. ಅವ್ವನ ಬೆರಳು ಖಾಲಿ ಸಮುದ್ರವನ್ನು ತೋರಿಸುತ್ತಿತ್ತು.

“ಮುಣಗಿತೇನು?”

“ಮುಣಗಿತವ್ವಾ.”

“ಹಂಗಾರ ನಾಳೆ ಹಬ್ಬ” ಅಂದಳು.